ಪಾಸ್‌ವರ್ಡ್ ಬಿಟ್ಟು ಎಸ್‌ಎಸ್‌ಎಚ್ ಕೀ ಬಳಸಿ ವರ್ಚುವಲ್ ಮಶೀನ್‌ಗೆ ಲಾಗಿನ್ ಆಗುವುದು

ದೂರದ ಕಂಪ್ಯೂಟರ್‌ಗೆ ನೆಟ್‌ವರ್ಕ್ ಮೂಲಕ ಸುರಕ್ಷಿತವಾಗಿ ಲಾಗಿನ್ ಆಗುವ ವಿಧಾನವೇ ಎಸ್‌ಎಸ್‌ಎಚ್. ಕ್ಲೌಡ್‌ನಲ್ಲಿ ಹೊಸ ವರ್ಚುವಲ್ ಮಶೀನ್ ಎದ್ದು ಎಸ್‌ಎಸ್‌ಎಚ್ ಬಳಸುವ 22ನೇ ಪೋರ್ಟ್ ತೆರೆದರೆ ಸಾಕು, ಪಾಸ್‌ವರ್ಡ್ ಊಹಿಸುವ ಸ್ಕ್ಯಾನರ್‌ಗಳು ತಾವಾಗಿಯೇ ಹುಡುಕಿಕೊಂಡು ಬರುತ್ತವೆ. ಕೀ ಮೂಲಕ ಮಾತ್ರ ಲಾಗಿನ್ ಇಟ್ಟರೆ ಅವುಗಳಿಗೆ ಊಹಿಸಲು ಏನೂ ಉಳಿಯುವುದಿಲ್ಲ. ಕೀ ಎಂದರೆ ಎರಡು ಫೈಲ್‌ಗಳ ಜೋಡಿ. ಪಬ್ಲಿಕ್ ಕೀ ಸರ್ವರ್‌ಗೆ ಹೋಗುತ್ತದೆ, ಪ್ರೈವೇಟ್ ಕೀ ನಿಮ್ಮ ಲ್ಯಾಪ್‌ಟಾಪ್‌ನಲ್ಲೇ ಇರುತ್ತದೆ. ಲಾಗಿನ್ ಆಗುವಾಗ ಲ್ಯಾಪ್‌ಟಾಪ್ ಪ್ರೈವೇಟ್ ಕೀಯಿಂದ ಒಂದು ಸಹಿ ಹಾಕಿ ಕಳಿಸುತ್ತದೆ, ಸರ್ವರ್ ಆ ಸಹಿಯನ್ನು ಪಬ್ಲಿಕ್ ಕೀ ಜೊತೆ ತಾಳೆ ನೋಡುತ್ತದೆ. ಪ್ರೈವೇಟ್ ಕೀ ನೆಟ್‌ವರ್ಕ್ ಮೇಲೆ ಹಾಯುವುದೇ ಇಲ್ಲ. ಹಾಗಾಗಿ ಅದನ್ನು ವಾಟ್ಸಾಪ್‌ನಲ್ಲೋ ಇಮೇಲ್‌ನಲ್ಲೋ ಕಳಿಸಿ ಎಂದು ಯಾರು ಕೇಳಿದರೂ ಕಳಿಸಬೇಡಿ.

ಇಲ್ಲಿ ಉಬುಂಟು ಸರ್ವರ್ ಅನ್ನು ಉದಾಹರಣೆಯಾಗಿ ಇಟ್ಟುಕೊಂಡಿದೆ. ಆಜ್ಞೆಗಳನ್ನು ಇಂಗ್ಲಿಷ್ ಅಕ್ಷರದಲ್ಲೇ ಟೈಪ್ ಮಾಡಬೇಕು. ಆಯ್ಕೆಗಳಲ್ಲಿ ದೊಡ್ಡಕ್ಷರ ಸಣ್ಣಕ್ಷರ ಬೇರೆ ಬೇರೆ ಅರ್ಥ ಕೊಡುತ್ತವೆ, ಅದರ ಕಡೆ ಗಮನವಿರಲಿ.

ಕೀ ಮಾಡಿಕೊಳ್ಳುವುದು

ಲಿನಕ್ಸ್ ಮತ್ತು ಮ್ಯಾಕ್‌ನಲ್ಲಿ ಟರ್ಮಿನಲ್ ತೆರೆಯಿರಿ, ವಿಂಡೋಸ್ 10 ಅಥವಾ 11ರಲ್ಲಿ ಪವರ್‌ಶೆಲ್. ಎಸ್‌ಎಸ್‌ಎಚ್-ಕೀಜೆನ್ ಆಜ್ಞೆಯನ್ನು ಮೈನಸ್ ಟಿ ಇಡಿ25519, ಮೈನಸ್ ಎ 100, ಮೈನಸ್ ದೊಡ್ಡ ಸಿ ಮತ್ತು ಒಂದು ಗುರುತಿನ ಹೆಸರು ಕೊಟ್ಟು ಓಡಿಸಿ. ಗುರುತಿನ ಹೆಸರಿಗೆ ‘ಮನೆ-ಲ್ಯಾಪ್‌ಟಾಪ್’ ಎಂಬ ಅರ್ಥದ ಪದ ಇಡುವುದು ಒಳ್ಳೆಯದು, ಮುಂದೆ ಇದೇ ಕೈಹಿಡಿಯುತ್ತದೆ. ಇಡಿ25519 ಬಗೆಯ ಕೀ ಓಪನ್‌ಎಸ್‌ಎಸ್‌ಎಚ್ 6.5ರಿಂದ, ಅಂದರೆ 2014ರಿಂದ ಇದೆ. ಅದಕ್ಕಿಂತ ಹಳೆಯ ಸರ್ವರ್ ಎದುರಾದರೆ ಮಾತ್ರ 4096 ಬಿಟ್‌ನ ಆರ್‌ಎಸ್‌ಎ ಬಗೆಯ ಕೀ ಮಾಡಿ.

ಫೈಲ್ ಎಲ್ಲಿಡಲಿ ಎಂದು ಕೇಳಿದಾಗ ಎಂಟರ್ ಒತ್ತಬಹುದು. ಆದರೆ ‘ಓವರ್‌ರೈಟ್?’ ಎಂದು ಕೇಳಿತೆಂದರೆ ಆ ಹೆಸರಿನ ಕೀ ಮೊದಲೇ ಇದೆ ಎಂದರ್ಥ. ಹೌದು ಎಂದರೆ ಹಳೆಯ ಕೀ ಅಳಿದುಹೋಗುತ್ತದೆ, ಅದನ್ನು ನಂಬಿದ್ದ ಸರ್ವರ್‌ಗಳೆಲ್ಲ ಕೈತಪ್ಪುತ್ತವೆ. ಬೇಡ ಎಂದು ಹೇಳಿ, ಮೈನಸ್ ಎಫ್ ಕೊಟ್ಟು ಬೇರೆ ಹೆಸರಿಡಿ. ಆಮೇಲೆ ಪಾಸ್‌ಫ್ರೇಸ್, ಅಂದರೆ ಪ್ರೈವೇಟ್ ಕೀ ಫೈಲ್‌ಗೆ ಬೀಗ ಹಾಕುವ ಗುಪ್ತಪದ, ಕೇಳುತ್ತದೆ. ಟೈಪ್ ಮಾಡುವಾಗ ಪರದೆಯ ಮೇಲೆ ಏನೂ ಮೂಡುವುದಿಲ್ಲ, ಗಾಬರಿ ಬೇಡ. ಖಾಲಿ ಬಿಟ್ಟರೆ ಆ ಫೈಲ್ ಕದ್ದವರಿಗೆ ಸರ್ವರ್ ಸಿಕ್ಕಂತೆಯೇ, ಆದ್ದರಿಂದ ಸಂಬಂಧವಿಲ್ಲದ ನಾಲ್ಕೈದು ಪದ ಜೋಡಿಸಿ ಹಾಕಿ. ಬೀಗ ತೆಗೆದ ಕೀಯನ್ನು ನೆನಪಿಟ್ಟುಕೊಳ್ಳುವ ಎಸ್‌ಎಸ್‌ಎಚ್-ಏಜೆಂಟ್ ಓಡುತ್ತಿದ್ದರೆ ಎಸ್‌ಎಸ್‌ಎಚ್-ಆ್ಯಡ್ ಒಮ್ಮೆ ಕೊಟ್ಟರೆ ಸಾಕು, ಪ್ರತಿ ಸಲ ಪಾಸ್‌ಫ್ರೇಸ್ ಹೊಡೆಯಬೇಕಿಲ್ಲ.

ಸರ್ವರ್‌ಗೆ ತಲುಪಿಸುವುದು

ಮಶೀನ್ ಇನ್ನೂ ಮಾಡಿಲ್ಲವಾದರೆ ಕ್ಲೌಡ್ ಪ್ಯಾನೆಲ್‌ನಲ್ಲಿ ಕೀ ಕೇಳುವ ಜಾಗಕ್ಕೇ ಪಬ್ಲಿಕ್ ಕೀ ಅಂಟಿಸಿ. ಪಾಸ್‌ವರ್ಡ್ ಒಂದು ಕ್ಷಣವೂ ಚಾಲ್ತಿಯಲ್ಲಿರದ ಈ ದಾರಿಯೇ ಎಲ್ಲಕ್ಕಿಂತ ಒಳ್ಳೆಯದು. ಹೆಸರಿನ ಕೊನೆಯಲ್ಲಿ ಡಾಟ್ ಪಬ್ ಇರುವ ಫೈಲೇ ಪಬ್ಲಿಕ್ ಕೀ. ಅದರಲ್ಲಿರುವುದು ಒಂದೇ ಸಾಲು: ಕೀ ಬಗೆ, 68 ಅಕ್ಷರಗಳ ಒಂದು ಸರಣಿ, ಕೊನೆಗೆ ನೀವು ಕೊಟ್ಟ ಗುರುತಿನ ಹೆಸರು. ಕಾಪಿ ಮಾಡುವಾಗ ನಡುವೆ ಸಾಲು ಮುರಿದರೆ ಕೀ ಕೆಲಸ ಮಾಡದು.

ಮಶೀನ್ ಪಾಸ್‌ವರ್ಡ್‌ನಿಂದ ಈಗಾಗಲೇ ಓಡುತ್ತಿದ್ದರೆ ಎಸ್‌ಎಸ್‌ಎಚ್-ಕಾಪಿ-ಐಡಿ ಆಜ್ಞೆಗೆ ಯೂಸರ್ ಹೆಸರು, ಆ್ಯಟ್ ಚಿಹ್ನೆ, ಐಪಿ ವಿಳಾಸ ಕೊಡಿ. ವಿಂಡೋಸ್‌ನಲ್ಲಿ ಈ ಆಜ್ಞೆ ಬರುವುದಿಲ್ಲ. ಅಲ್ಲಿಂದಾದರೆ ಸರ್ವರ್‌ಗೆ ಲಾಗಿನ್ ಆಗಿ, ಹೋಮ್‌ನೊಳಗಿನ ಡಾಟ್ ಎಸ್‌ಎಸ್‌ಎಚ್ ಫೋಲ್ಡರ್‌ನಲ್ಲಿರುವ ಆಥರೈಸ್ಡ್ ಕೀಸ್ ಫೈಲ್‌ನ ಕೊನೆಗೆ ಆ ಸಾಲು ಸೇರಿಸಬೇಕು. ಎಕೋ ಆಜ್ಞೆಯಿಂದ ಸೇರಿಸುವವರು ಬಾಣದ ಚಿಹ್ನೆಯನ್ನು (>) ಎರಡು ಸಲ ಹಾಕಬೇಕು. ಒಂದೇ ಬಾಣ ಹಾಕಿದರೆ ಫೈಲ್‌ನಲ್ಲಿ ಮೊದಲಿದ್ದ ಸಹೋದ್ಯೋಗಿಗಳ ಕೀಗಳೆಲ್ಲ ಅಳಿಸಿಹೋಗುತ್ತವೆ.

ಕೀ ಸರಿಯಾಗಿದ್ದರೂ ಸರ್ವರ್ ಒಪ್ಪದಿದ್ದರೆ ಮೊದಲು ಪರ್ಮಿಶನ್ ನೋಡಿ. ಡಾಟ್ ಎಸ್‌ಎಸ್‌ಎಚ್ ಫೋಲ್ಡರ್‌ಗೆ 700, ಆಥರೈಸ್ಡ್ ಕೀಸ್‌ಗೆ 600 ಇರಲಿ, ಅಂದರೆ ಒಡೆಯರಿಗಷ್ಟೇ ಹಕ್ಕು. ಹೋಮ್ ಡೈರೆಕ್ಟರಿಗೆ ಗ್ರೂಪ್‌ನವರು ಬರೆಯುವ ಹಕ್ಕು ಇದ್ದರೂ ಸರ್ವರ್ ಕೀಯನ್ನು ಕಡೆಗಣಿಸುತ್ತದೆ, ಏಕೆಂದರೆ ಹಾಗಿದ್ದಾಗ ಬೇರೆಯವರು ತಮ್ಮ ಕೀ ತುರುಕಬಹುದು. ಕಾರಣವನ್ನು ನಿಮ್ಮ ಪರದೆಗೆ ತಿಳಿಸುವುದಿಲ್ಲ, ಸರ್ವರ್‌ನ ಲಾಗ್‌ನಲ್ಲಷ್ಟೇ ಬರೆಯುತ್ತದೆ. ಸುಡೋ (ಆಡಳಿತಗಾರರ ಹಕ್ಕಿನಿಂದ ಓಡಿಸುವ ಆಜ್ಞೆ) ಹಾಕಿ ಫೋಲ್ಡರ್ ಮಾಡಿದ್ದರೆ ಒಡೆತನ ಆಡಳಿತ ಖಾತೆಯಾದ ರೂಟ್ ಹೆಸರಲ್ಲಿರುತ್ತದೆ, ಒಡೆತನ ಬದಲಿಸುವ ಚೌನ್ ಆಜ್ಞೆಯಿಂದ ಯೂಸರ್‌ಗೆ ಮರಳಿಸಿ.

ಮೊದಲ ಲಾಗಿನ್

ಯೂಸರ್ ಹೆಸರು ಇಮೇಜ್‌ಗೆ, ಅಂದರೆ ಮಶೀನ್ ಮಾಡಲು ಆರಿಸಿದ ಸಿದ್ಧ ಅಚ್ಚಿಗೆ, ತಕ್ಕಂತೆ ಬದಲಾಗುತ್ತದೆ. ಅಮೆಜಾನ್ ಕ್ಲೌಡ್‌ನಲ್ಲಿ ಉಬುಂಟುಗೆ ಉಬುಂಟು, ಅಮೆಜಾನ್ ಲಿನಕ್ಸ್‌ಗೆ ಇಸಿ2-ಯೂಸರ್, ಡೆಬಿಯನ್‌ಗೆ ಆ್ಯಡ್ಮಿನ್. ಮೊದಲ ಸಲ ಸರ್ವರ್‌ನ ಫಿಂಗರ್‌ಪ್ರಿಂಟ್ (ಅದರ ಗುರುತಿನ ಕೀಯ ಚುಟುಕು ರೂಪ) ತೋರಿಸಿ ಮುಂದುವರಿಯಲೇ ಎಂದು ಕೇಳುತ್ತದೆ. ಕಣ್ಣುಮುಚ್ಚಿ ಯೆಸ್ ಎನ್ನಬೇಡಿ. ಮಶೀನ್ ಮೊದಲ ಬಾರಿ ಏಳುವಾಗ ಮೊದಲ ಸಿದ್ಧತೆ ಮಾಡುವ ಕ್ಲೌಡ್-ಇನಿಟ್ ಪ್ರೋಗ್ರಾಂ ಇದೇ ಫಿಂಗರ್‌ಪ್ರಿಂಟನ್ನು ಕ್ಲೌಡ್ ಪ್ಯಾನೆಲ್‌ನಲ್ಲಿ ಕಾಣುವ ಕನ್ಸೋಲ್ ಲಾಗ್‌ನಲ್ಲಿ ಬರೆದಿರುತ್ತದೆ, ಅದಕ್ಕೆ ಹೋಲಿಸಿ. ಮುಂದೊಂದು ದಿನ ಹೋಸ್ಟ್ ಗುರುತು ಬದಲಾಗಿದೆ ಎಂಬ ದೊಡ್ಡ ಎಚ್ಚರಿಕೆ ಬಂದರೆ, ಮಶೀನನ್ನು ನೀವೇ ಹೊಸದಾಗಿ ಮಾಡಿದ್ದೀರಾ ಎಂದು ಯೋಚಿಸಿ. ಹೌದಾದರೆ ಎಸ್‌ಎಸ್‌ಎಚ್-ಕೀಜೆನ್ ಮೈನಸ್ ದೊಡ್ಡ ಆರ್ ಕೊಟ್ಟು ಹಳೆಯ ಗುರುತು ತೆಗೆಯಿರಿ. ಅಲ್ಲವಾದರೆ ಕಾರಣ ತಿಳಿಯುವವರೆಗೆ ಲಾಗಿನ್ ಆಗಬೇಡಿ.

ಪಾಸ್‌ವರ್ಡ್ ಬಾಗಿಲು ಮುಚ್ಚುವುದು

ಈಗ ತೆರೆದಿರುವ ಕಿಟಕಿಯನ್ನು ಮುಚ್ಚದೆ ಈ ಕೆಲಸ ಮಾಡಿ. ಇಟಿಸಿ ಒಳಗಿನ ಎಸ್‌ಎಸ್‌ಎಚ್ ಫೋಲ್ಡರ್‌ನಲ್ಲಿ ಎಸ್‌ಎಸ್‌ಎಚ್‌ಡಿ ಕಾನ್ಫಿಗ್ ಡಾಟ್ ಡಿ ಎಂಬ ಒಳ ಫೋಲ್ಡರ್ ಇದೆ (ಎಸ್‌ಎಸ್‌ಎಚ್‌ಡಿ ಎಂದರೆ ಸರ್ವರ್ ಕಡೆಯ ಎಸ್‌ಎಸ್‌ಎಚ್ ಪ್ರೋಗ್ರಾಂ). ಅಲ್ಲಿ 10ರಿಂದ ಶುರುವಾಗಿ ಡಾಟ್ ಕಾನ್ಫ್‌ನಿಂದ ಮುಗಿಯುವ ಹೆಸರಿನ ಫೈಲ್ ಮಾಡಿ, ಪಾಸ್‌ವರ್ಡ್‌ಆಥೆಂಟಿಕೇಶನ್ ನೋ, ಕೆಬಿಡಿಇಂಟರ್‌ಆ್ಯಕ್ಟಿವ್‌ಆಥೆಂಟಿಕೇಶನ್ ನೋ ಎಂದು ಎರಡು ಸಾಲು ಬರೆಯಿರಿ. 10 ಯಾಕೆಂದರೆ, ಒಂದೇ ಸೆಟ್ಟಿಂಗ್ ಎರಡು ಕಡೆ ಇದ್ದರೆ ಮೊದಲು ಓದಿದ್ದೇ ಗೆಲ್ಲುತ್ತದೆ, ಮತ್ತು ಉಬುಂಟು ಕ್ಲೌಡ್ ಇಮೇಜ್‌ಗಳಲ್ಲಿ 50-ಕ್ಲೌಡ್-ಇನಿಟ್ ಎಂಬ ಫೈಲ್ ಪಾಸ್‌ವರ್ಡ್‌ಗೆ ಯೆಸ್ ಎಂದಿರಬಹುದು. ಎಸ್‌ಎಸ್‌ಎಚ್‌ಡಿ ಕಾನ್ಫಿಗ್ ಎಂಬ ಮುಖ್ಯ ಫೈಲನ್ನಷ್ಟೇ ತಿದ್ದಿ ಕೆಲಸ ಮುಗಿಯಿತೆಂದುಕೊಂಡವರ ಬಾಗಿಲು ಹೀಗೇ ತೆರೆದಿರುತ್ತದೆ.

ಸುಡೋ ಜೊತೆ ಎಸ್‌ಎಸ್‌ಎಚ್‌ಡಿ ಮೈನಸ್ ಸಣ್ಣ ಟಿ ಓಡಿಸಿದರೆ ತಪ್ಪಿದ್ದಲ್ಲಿ ಹೇಳುತ್ತದೆ, ಇಲ್ಲದಿದ್ದರೆ ಸುಮ್ಮನಿರುತ್ತದೆ. ದೊಡ್ಡ ಟಿ ಕೊಟ್ಟರೆ ಜಾರಿಯಾಗಲಿರುವ ಸೆಟ್ಟಿಂಗ್‌ಗಳ ಪಟ್ಟಿ ಬರುತ್ತದೆ, ಅದರಲ್ಲಿ ನೋ ಇದೆಯೇ ನೋಡಿ. ಬಳಿಕ ಸಿಸ್ಟಮ್‌ಸಿಟಿಎಲ್‌ನಿಂದ ಸರ್ವಿಸ್ ರೀಲೋಡ್ ಮಾಡಿ. ಉಬುಂಟುವಿನಲ್ಲಿ ಅದರ ಹೆಸರು ಎಸ್‌ಎಸ್‌ಎಚ್, ಅಮೆಜಾನ್ ಲಿನಕ್ಸ್‌ನಲ್ಲಿ ಎಸ್‌ಎಸ್‌ಎಚ್‌ಡಿ. ಹೊಸ ಕಿಟಕಿಯಲ್ಲಿ ಕೀಯಿಂದ ಲಾಗಿನ್ ಆದ ಮೇಲಷ್ಟೇ ಹಳೆಯದನ್ನು ಮುಚ್ಚಿ.

ತೊಡಕು ಬಂದರೆ

ಸಂದೇಶವನ್ನು ಸರಿಯಾಗಿ ಓದಿ. ‘ಟೈಮ್ಡ್ ಔಟ್’ ಎಂದರೆ ನೀವು ಸರ್ವರ್‌ವರೆಗೆ ತಲುಪಿಯೇ ಇಲ್ಲ, ಫೈರ್‌ವಾಲ್ ನಿಯಮ ಅಥವಾ ಐಪಿ ನೋಡಿ. ‘ರೆಫ್ಯೂಸ್ಡ್’ ಬಂದರೆ ಬಹುತೇಕ ಆ ಪೋರ್ಟ್‌ನಲ್ಲಿ ಸರ್ವಿಸ್ ಓಡುತ್ತಿಲ್ಲ. ‘ಪರ್ಮಿಶನ್ ಡಿನೈಡ್’ ಬಂದಾಗಲೇ ಯೂಸರ್ ಹೆಸರು, ಕೀ, ಪರ್ಮಿಶನ್ ಕಡೆ ಹೊರಳಿ. ಮೈನಸ್ ವಿ ಸೇರಿಸಿದರೆ ಯಾವ ಕೀ ತೋರಿಸಲಾಯಿತು ಎಂಬುದು ಕಾಣುತ್ತದೆ. ‘ಟೂ ಮೆನಿ ಆಥೆಂಟಿಕೇಶನ್ ಫೇಲ್ಯೂರ್ಸ್’ ಬರುವುದು ಏಜೆಂಟ್‌ನಲ್ಲಿ ಹಲವು ಕೀಗಳು ತುಂಬಿಕೊಂಡಾಗ. ಸರ್ವರ್‌ನ ಮಿತಿ ಸಾಮಾನ್ಯವಾಗಿ 6 ಪ್ರಯತ್ನ. ಲ್ಯಾಪ್‌ಟಾಪ್‌ನ ಡಾಟ್ ಎಸ್‌ಎಸ್‌ಎಚ್ ಫೋಲ್ಡರ್‌ನಲ್ಲಿರುವ ಕಾನ್ಫಿಗ್ ಫೈಲ್‌ನಲ್ಲಿ ಆ ಹೋಸ್ಟ್‌ಗೆ ಐಡೆಂಟಿಟಿಫೈಲ್ ಸೂಚಿಸಿ, ಐಡೆಂಟಿಟೀಸ್‌ಓನ್ಲಿ ಯೆಸ್ ಎಂದು ಬರೆಯಿರಿ.

ಎರಡನೇ ಲ್ಯಾಪ್‌ಟಾಪ್ ಕೊಂಡರೆ ಹಳೆಯ ಕೀ ನಕಲು ಮಾಡಬೇಡಿ, ಅದಕ್ಕೆ ಅದರದ್ದೇ ಹೊಸ ಕೀ ಮಾಡಿ. ಒಂದು ಕಳೆದುಹೋದ ದಿನ ಆಥರೈಸ್ಡ್ ಕೀಸ್ ತೆರೆದು, ಗುರುತಿನ ಹೆಸರು ನೋಡಿ, ಆ ಒಂದು ಸಾಲನ್ನು ಅಳಿಸಿದರೆ ಉಳಿದವರ ಕೆಲಸ ನಿಲ್ಲುವುದಿಲ್ಲ.