ಉರಿ ನಿಂತ ಪಾದವನ್ನೇ ಹೆಚ್ಚು ನೋಡಬೇಕು

ಸಕ್ಕರೆ ಕಾಯಿಲೆಯಿಂದ ಪಾದದ ನರ ಹಾಳಾದವರು ಹೇಳುವ ಮಾತುಗಳು ಹೆಚ್ಚುಕಡಿಮೆ ಒಂದೇ. ಅಂಗಾಲಿಗೆ ಮೆಣಸಿನಕಾಯಿ ಅರೆದು ಹಚ್ಚಿದ ಹಾಗೆ ಉರಿ, ಇರುವೆ ಹರಿದ ಹಾಗೆ, ಹತ್ತಿಯ ಮೇಲೆ ನಡೆದ ಹಾಗೆ, ರಾತ್ರಿ ಹೊದಿಕೆ ತಾಗಿದರೂ ಸಹಿಸಲಾಗದು. ಇವರು ತಾವಾಗಿ ಬರುತ್ತಾರೆ. ನನಗೆ ಹೆದರಿಕೆ ಇರುವುದು ಉರಿಯೂ ಇಲ್ಲದೆ, ನೋವೂ ಇಲ್ಲದೆ, ಮೊಳೆ ಚುಚ್ಚಿದರೂ ತಿಳಿಯದೆ ಓಡಾಡುವವರ ಬಗ್ಗೆ. ಅದಕ್ಕೇ ದೂರು ಇರಲಿ, ಇಲ್ಲದಿರಲಿ, ಸಕ್ಕರೆ ಕಾಯಿಲೆಯವರೆಲ್ಲರ ಚಪ್ಪಲಿ, ಕಾಲುಚೀಲ ಬಿಚ್ಚಿಸಿಯೇ ನೋಡುತ್ತೇನೆ.

ಪಾದಕ್ಕೇ ಮೊದಲ ಪೆಟ್ಟು ಏಕೆ? ಕಾಲ್ಬೆರಳ ಸ್ಪರ್ಶ ಹೊತ್ತೊಯ್ಯುವ ನರಕೋಶ ಇರುವುದು ಸೊಂಟದ ಬೆನ್ನುಮೂಳೆಯ ಬಳಿ. ಅದರ ಎಳೆ ಹತ್ತಿರ ಹತ್ತಿರ ಒಂದು ಮೀಟರ್ ಉದ್ದ. ಏರಿದ ಸಕ್ಕರೆ ಎಳೆಯನ್ನೂ ಅದಕ್ಕೆ ಆಹಾರ ಒದಗಿಸುವ ಸಣ್ಣ ರಕ್ತನಾಳಗಳನ್ನೂ ಕೆಡಿಸಿದಾಗ ಕೊನೆಯ ತುದಿ ಮೊದಲು ಒಣಗುತ್ತದೆ. ಆದ್ದರಿಂದ ಎರಡೂ ಕಾಲಿಗೆ ಸಮನಾಗಿ, ಕಾಲುಚೀಲ ಹಾಕಿದ ಆಕಾರದಲ್ಲಿ ಮೇಲೇರುತ್ತದೆ. ಮೊಣಕಾಲ ಹತ್ತಿರ ಬಂದ ಮೇಲೆ ಕೈಬೆರಳ ತುದಿ ಜೋಮು ಹಿಡಿಯುತ್ತದೆ. ಈ ಕ್ರಮ ತಪ್ಪಿದ್ದರೆ ಸಕ್ಕರೆಯ ಮೇಲೆ ಹೊರಿಸಿ ಸುಮ್ಮನಾಗಬಾರದು. ಒಂದೇ ಕಾಲಿಗೆ ಬಂದಿದೆಯೇ, ಕೈಗೆ ಮೊದಲು ಬಂದಿದೆಯೇ, ಮುಟ್ಟಿದರೆ ತಿಳಿಯದ ಮಾಸಲು ಮಚ್ಚೆ ಇದೆಯೇ, ಮೊಣಕೈ ಬಳಿ ನರ ಹಗ್ಗದಂತೆ ದಪ್ಪವಾಗಿದೆಯೇ? ಕೊನೆಯ ಎರಡು ಕುಷ್ಠದ ಗುರುತು. ಕಾಲಿನ ಬಲವೇ ಕೆಲವು ದಿನಗಳಲ್ಲಿ ಕುಸಿದು, ಆ ನಿಶ್ಶಕ್ತಿ ಮೇಲೇರುತ್ತಿದ್ದರೆ ಅದೇ ದಿನ ದೊಡ್ಡಾಸ್ಪತ್ರೆ.

ಪರೀಕ್ಷೆಗೆ ಬಳಸುವುದು 10 ಗ್ರಾಂ ಮಾನೋಫಿಲಮೆಂಟ್. ಹಿಡಿಕೆಗೆ ಸಿಕ್ಕಿಸಿದ ನೈಲಾನ್ ಎಳೆ ಅಷ್ಟೇ. ನೇರವಾಗಿ ಒತ್ತಿದರೆ 10 ಗ್ರಾಂ ಭಾರಕ್ಕೆ ಬಿಲ್ಲಿನಂತೆ ಬಾಗುತ್ತದೆ. ಮೊದಲು ಅಂಗೈಗೆ ತಾಗಿಸಿ ಅದು ಹೇಗಿರುತ್ತದೆಂದು ತೋರಿಸುತ್ತೇನೆ. ಆಮೇಲೆ, "ಅಮ್ಮಾ, ಕಣ್ಣು ಮುಚ್ಚಿಕೊಳ್ಳಿ, ಮುಟ್ಟಿದ್ದು ಗೊತ್ತಾದರೆ ಹೂಂ ಅನ್ನಿ." ಹೆಬ್ಬೆರಳ ಅಡಿ, ಹೆಬ್ಬೆರಳ ಬುಡದ ಉಬ್ಬು, ಕಿರುಬೆರಳ ಬುಡದ ಉಬ್ಬು, ಇಷ್ಟು ಕಡೆ ಒಂದೆರಡು ಸೆಕೆಂಡು. ಜಡ್ಡುಗಟ್ಟಿದ ಚರ್ಮದ ಮೇಲೆ ಒತ್ತಿದರೆ ಫಲಿತಾಂಶ ಸುಳ್ಳಾಗುತ್ತದೆ, ಪಕ್ಕಕ್ಕೆ ಸರಿಸಿಕೊಳ್ಳಬೇಕು. "ಈಗ ಗೊತ್ತಾಯ್ತಾ?" ಎಂದು ಪ್ರತಿ ಸಲ ಕೇಳಿದರೆ ವೈದ್ಯರಿಗೆ ಬೇಸರವಾಗದಿರಲಿ ಎಂದು ಎಲ್ಲರೂ ಹೂಂ ಅನ್ನುತ್ತಾರೆ. ಹಾಗಾಗಿ ಪ್ರತಿ ಜಾಗಕ್ಕೂ ಮೂರು ಸಲ ಕೇಳಿ, ಅದರಲ್ಲಿ ಒಂದು ಸಲ ಮುಟ್ಟದೆಯೇ ಕೇಳುತ್ತೇನೆ, ಎರಡಾದರೂ ಸರಿಯಿರಬೇಕು. ಎಳೆಯೂ ದಣಿಯುತ್ತದೆ: ಹತ್ತು ಜನರಿಗೆ ಬಳಸಿದ ಮೇಲೆ 24 ಗಂಟೆ ಬಿಡುವು ಕೊಡದಿದ್ದರೆ ಬೇಗ ಬಾಗುತ್ತ ಹೋಗಿ, ಸರಿಯಿರುವ ಕಾಲನ್ನೂ ಕೆಟ್ಟಿದೆ ಎನ್ನುತ್ತದೆ. ಮನೆಯಲ್ಲಿ ಎಳೆ ಬೇಡ. ಮಗಳೋ ಸೊಸೆಯೋ ತೋರುಬೆರಳ ತುದಿಯಿಂದ ಎರಡೂ ಕಾಲಿನ ಹೆಬ್ಬೆರಳು, ನಡುಬೆರಳು, ಕಿರುಬೆರಳ ತುದಿಗಳನ್ನು ಗರಿ ತಾಗಿದಷ್ಟು ಹಗುರವಾಗಿ ಮುಟ್ಟಲಿ. ಆರರಲ್ಲಿ ಎರಡು ತಿಳಿಯದಿದ್ದರೆ ಪಾದಕ್ಕೆ ಅಪಾಯವಿದೆ ಎಂದೇ ಲೆಕ್ಕ.

ರಕ್ತಪರೀಕ್ಷೆಯಲ್ಲಿ ಬಿ12 ಜೀವಸತ್ವವನ್ನು ಮರೆಯಬಾರದು. ವರ್ಷಗಟ್ಟಲೆ ಸಕ್ಕರೆಯ ಮಾತ್ರೆ ಮೆಟ್‌ಫಾರ್ಮಿನ್ ನುಂಗುವ ಸಸ್ಯಾಹಾರಿಗಳಲ್ಲಿ ಅದು ಕಡಿಮೆಯಾಗಿ, ಸಕ್ಕರೆಯ ಪೆಟ್ಟಿನ ಹಾಗೆಯೇ ಜೋಮು ತರುತ್ತದೆ. ಇದನ್ನು ತುಂಬಿಕೊಡಬಹುದು, ತಡವಾದಷ್ಟೂ ನರ ಹಿಂದಿರುಗುವುದು ಕಡಿಮೆ. ಹಾಗೆಂದು ಅಂಗಡಿಯಿಂದ "ನರದ ಮಾತ್ರೆ" ತಂದು ಕೊನೆಯಿಲ್ಲದೆ ನುಂಗುವುದು ಬೇಡ. ಅವುಗಳಲ್ಲಿ ಹಲವಕ್ಕೆ ಬಿ6 ಸೇರಿರುತ್ತದೆ, ಅದು ಹೆಚ್ಚಾದರೆ ತಾನೇ ನರವನ್ನು ಕೆಡಿಸುತ್ತದೆ. ಇನ್ನೊಂದು ಮಾತು: ತುಂಬಾ ಏರಿದ್ದ ಸಕ್ಕರೆಯನ್ನು ಒಮ್ಮೆಗೇ ಇಳಿಸಬಾರದು. ಎಚ್‌ಬಿಎ1ಸಿ (ಎರಡು-ಮೂರು ತಿಂಗಳ ಸರಾಸರಿ ಸಕ್ಕರೆ ತೋರಿಸುವ ರಕ್ತಪರೀಕ್ಷೆ) ಮೂರು ತಿಂಗಳಲ್ಲಿ 2 ಅಂಕಕ್ಕಿಂತ ಹೆಚ್ಚು ಬಿದ್ದರೆ ಕೆಲವರಿಗೆ ಉರಿ ಇದ್ದಕ್ಕಿದ್ದಂತೆ ಭುಗಿಲೇಳುತ್ತದೆ.

ಉರಿಗೆ ಔಷಧವಿದೆ. ಪ್ರೆಗಾಬಾಲಿನ್ 75 ಮಿ.ಗ್ರಾಂ ರಾತ್ರಿಯಿಂದ ಶುರು, ವಯಸ್ಸಾದವರಿಗೂ ಮೂತ್ರಪಿಂಡ ಸೊರಗಿದವರಿಗೂ ಇನ್ನೂ ಕಡಿಮೆ. ತಲೆಸುತ್ತು, ಕಾಲು ಊತ ಬರಬಹುದು. ಡುಲೊಕ್ಸೆಟಿನ್ ಊಟದ ನಂತರ 30, ಒಂದೆರಡು ವಾರದ ಮೇಲೆ 60. ಅಮಿಟ್ರಿಪ್ಟಿಲಿನ್ ಅಗ್ಗ, ರಾತ್ರಿ 10 ಸಾಕಾಗಬಹುದು, ಆದರೆ ಪ್ರಾಸ್ಟೇಟ್, ಗ್ಲಾಕೋಮಾ, ಹೃದಯದ ತೊಂದರೆ ಇರುವವರಿಗೆ ಕೊಡುವುದಿಲ್ಲ. ಎಲ್ಲವೂ ವೈದ್ಯರು ಬರೆದ ಮೇಲೆಯೇ. ಎರಡು ವಾರವಾದರೂ ಕಾಯದೆ ಬಿಟ್ಟುಬಿಡುವುದು, ಗುಣವಾಯಿತೆಂದು ಒಮ್ಮೆಗೇ ನಿಲ್ಲಿಸುವುದು, ಎರಡೂ ತಪ್ಪು. ಮುಖ್ಯ ವಿಷಯ, ಈ ಮಾತ್ರೆಗಳು ಉರಿಯನ್ನು ತಗ್ಗಿಸುತ್ತವೆ, ಸತ್ತ ಸ್ಪರ್ಶವನ್ನು ಮರಳಿಸುವುದಿಲ್ಲ. ಮಾತ್ರೆಯಿಲ್ಲದೆ ತಾನಾಗಿ ಉರಿ ನಿಂತಿದ್ದರೆ ಎಳೆ ಹಿಡಿದು ಮತ್ತೆ ನೋಡುತ್ತೇನೆ. ಎಷ್ಟೋ ಸಲ ಅಲ್ಲಿ ನರ ಪೂರ್ತಿ ಮೌನವಾಗಿರುತ್ತದೆ.

ನೋವು ಹೇಳುತ್ತಿದ್ದುದನ್ನು ಇನ್ನು ಕಣ್ಣು ನೋಡಬೇಕು. ಪಾದದಡಿ ಜಡ್ಡು ಕಟ್ಟಿದೆ ಎಂದರೆ ಅಲ್ಲಿ ಭಾರ ಬೀಳುತ್ತಿದೆ ಎಂದೇ ಅರ್ಥ, ಜಡ್ಡು ಕಲ್ಲಿನಂತೆ ಆ ಭಾರವನ್ನು ಇನ್ನಷ್ಟು ಹೆಚ್ಚಿಸುತ್ತದೆ. ಬ್ಲೇಡನ್ನು ಚರ್ಮಕ್ಕೆ ಮಲಗಿಸಿ ಪದರ ಪದರವಾಗಿ ತೆಗೆಯುವಾಗ ಹಳದಿಯ ನಡುವೆ ಕಂದು-ಕಪ್ಪು ಚುಕ್ಕೆ ಕಂಡರೆ ಅದು ಒಳಗೆ ಒಸರಿದ ರಕ್ತ. ಅದರಡಿ ಹುಣ್ಣು ಶುರುವಾಗಿರುತ್ತದೆ. ಮನೆಯಲ್ಲಿ ಬ್ಲೇಡು, ಆಣಿಗೆ ಅಂಟಿಸುವ ಆಸಿಡ್ ಪಟ್ಟಿ ಎರಡೂ ಬೇಡ. ಉಪ್ಪು ಹಾಕಿದ ಬಿಸಿನೀರಲ್ಲಿ ಕಾಲಿಡುವ ರೂಢಿ ನಮ್ಮಲ್ಲಿ ಗಟ್ಟಿ. ಸುಟ್ಟ ಪಾದಗಳಲ್ಲಿ ಬಹಳಷ್ಟು ಅಲ್ಲಿಂದಲೇ ಬರುತ್ತವೆ. ಬೇಸಿಗೆಯಲ್ಲಿ ದೇವಸ್ಥಾನದ ಕಲ್ಲುಚಪ್ಪಡಿಯ ಮೇಲೆ ಬರಿಗಾಲ ಪ್ರದಕ್ಷಿಣೆಯೂ ಹಾಗೆಯೇ: ಬೆಳಗಿನ ಹೊತ್ತೇ ಹೋಗಿ ಬನ್ನಿ ಎನ್ನುತ್ತೇನೆ. ನೆಲದ ಮೇಲೆ ಮಲಗುವವರಿಗೆ ಇಲಿ ಕಚ್ಚಿದ್ದು ಬೆಳಗ್ಗೆ ರಕ್ತ ಕಂಡಾಗಲೇ ತಿಳಿಯುವುದುಂಟು, ಮಂಚ ಅಥವಾ ಸೊಳ್ಳೆಪರದೆ ಇರಲಿ. ಕಾಲು ತೊಳೆದ ಮೇಲೆ ಬೆರಳ ಸಂದಿ ಒರೆಸಿ, ಹಿಮ್ಮಡಿಗೆ ಕೊಬ್ಬರಿ ಎಣ್ಣೆ ಹಚ್ಚಿ, ಸಂದಿಗೆ ಮಾತ್ರ ಬೇಡ. ರಾತ್ರಿ ಮಲಗುವ ಮುಂಚೆ ನೆಲದ ಮೇಲೆ ಕನ್ನಡಿ ಇಟ್ಟು ಅಂಗಾಲು ನೋಡಿ.

ಚಪ್ಪಲಿ ಎಂಸಿಆರ್ (ಸಣ್ಣ ಗಾಳಿಗುಳ್ಳೆಗಳಿರುವ ಮೆತ್ತನೆ) ರಬ್ಬರಿನದು, ಕೆಳಗೆ ಗಟ್ಟಿ ಅಟ್ಟೆ, ಹಿಂದೆ ಪಟ್ಟಿ, ಎಲ್ಲೂ ಮೊಳೆ ಇರಬಾರದು. ಸ್ಪರ್ಶವಿಲ್ಲದವರಿಗೆ ಹವಾಯಿ ಚಪ್ಪಲಿ ಕಾಲಿಂದ ಜಾರಿದ್ದೇ ತಿಳಿಯುವುದಿಲ್ಲ. ಈ ತಿಳಿವಳಿಕೆ ನಮಗೆ ಕುಷ್ಠದ ಕೆಲಸದಿಂದ ಬಂತು: ಬೆರಳು ಸವೆಯುವುದು ರೋಗ ತಿಂದದ್ದರಿಂದಲ್ಲ, ನೋವಿಲ್ಲದೆ ಮತ್ತೆ ಮತ್ತೆ ಪೆಟ್ಟಾದದ್ದರಿಂದ ಎಂದು ವೆಲ್ಲೂರಿನಲ್ಲಿ ಶಸ್ತ್ರವೈದ್ಯ ಡಾ. ಪಾಲ್ ಬ್ರ್ಯಾಂಡ್ ತೋರಿಸಿಕೊಟ್ಟರು. ಸಂಜೆ, ಕಾಲು ಊದಿದ ಹೊತ್ತಿನಲ್ಲೇ ಚಪ್ಪಲಿಗೆ ಅಳತೆ ಕೊಡಿ. ಮೊದಲ ದಿನ ಒಂದು ಗಂಟೆ ಹಾಕಿ, ತೆಗೆದು, ಎಲ್ಲಿ ಕೆಂಪಾಗಿದೆ ನೋಡಿ. ಹೆಬ್ಬೆರಳಿಂದ ಒತ್ತಿದ ಗುಳಿ ಮತ್ತೆ ಮೇಲೇಳದಿದ್ದರೆ ಆ ರಬ್ಬರ್ ಸತ್ತಿದೆ, ಬದಲಿಸಿ.

ಗಾಯವಿಲ್ಲದೆ ಒಂದು ಪಾದ ಮಾತ್ರ ಊದಿ, ಕೆಂಪಾಗಿ, ಬಿಸಿಯಾಗಿದ್ದರೆ ನಂಜೆಂದು ಆ್ಯಂಟಿಬಯಾಟಿಕ್ ಬರೆದು ಕಳಿಸುವವರು ಬಹಳ. ನಾನು ಮೊದಲು ಶಾರ್ಕೊ ಪಾದ ಎಂದೇ ಸಂಶಯಪಡುತ್ತೇನೆ: ಒಳಗೆ ಮೂಳೆ ಮುರಿಯುತ್ತಿರುತ್ತದೆ, ನೋವಿಲ್ಲದ್ದರಿಂದ ಮನುಷ್ಯ ಅದರ ಮೇಲೇ ನಡೆಯುತ್ತಿರುತ್ತಾನೆ. ಆರಂಭದ ಎಕ್ಸ್‌ರೇ ಸರಿಯಾಗಿಯೇ ಕಾಣಬಹುದು. ಚರ್ಮದ ತಾಪ ಅಳೆಯುವ ಇನ್‌ಫ್ರಾರೆಡ್ ಥರ್ಮಾಮೀಟರಿನಿಂದ ಎರಡೂ ಪಾದದ ಅದೇ ಜಾಗ ಅಳೆದು 2 ಡಿಗ್ರಿ ಸೆಲ್ಸಿಯಸ್‌ಗಿಂತ ಹೆಚ್ಚು ಅಂತರವಿದ್ದರೆ ಆ ಕಾಲು ನೆಲಕ್ಕೆ ಊರಬಾರದು. ಮೊಣಕಾಲವರೆಗೆ ಪಾದಕ್ಕೆ ಒತ್ತಿಕೊಂಡು ಕೂರುವ ಕಾಸ್ಟ್ (ಪ್ಲಾಸ್ಟರ್ ಕಟ್ಟು) ಹಾಕಿ, ಊತ ಇಳಿದಂತೆ ಅದು ಸಡಿಲವಾಗುವುದರಿಂದ ಮೊದಲ ಸಲ ವಾರದೊಳಗೇ ಬದಲಿಸಿ, ಪ್ರತಿ ಸಲವೂ ತಾಪ ಬರೆದಿಟ್ಟು, ಎರಡು ಪಾದ ಸಮಕ್ಕೆ ಬರುವತನಕ ಮುಂದುವರಿಸುತ್ತೇನೆ. ಅದಕ್ಕೆ ತಿಂಗಳುಗಳೇ ಬೇಕು, ಮನೆಯವರಿಗೆ ಇದನ್ನು ಮೊದಲ ದಿನವೇ ಹೇಳಿಬಿಡಬೇಕು.