ಕ್ಯುವೆಟ್ ಒಳಗೆ ಎನ್‌ಎಡಿ ತಿರುಗಿದ್ದು: ನನ್ನ ಅನುಭವ

ಕೋಎಂಜೈಮ್ (ಎಂಜೈಮ್‌ನ ಕೆಲಸಕ್ಕೆ ಜೊತೆಯಾಗೋ ಸಣ್ಣ ಅಣು) ಖರ್ಚಾಗಲ್ಲ, ಮತ್ತೆ ಮತ್ತೆ ಬಳಕೆ ಆಗುತ್ತೆ ಅಂತ ಎಲ್ಲಾ ಪುಸ್ತಕದಲ್ಲೂ ಒಂದು ಸಾಲು ಇರುತ್ತೆ, ಓದ್ಕೊಂಡು ಮುಂದೆ ಹೋಗ್ಬಿಡ್ತೀವಿ. ನಂಗೆ ಅದನ್ನ ಗ್ರಾಫ್‌ನಲ್ಲಿ ನೋಡ್ಬೇಕಿತ್ತು, ಪ್ರಾಕ್ಟಿಕಲ್‌ಗೆ ಬರೋ ಹುಡುಗರಿಗೂ ತೋರಿಸ್ಬೇಕಿತ್ತು.

ಇದಕ್ಕೆ ಎನ್‌ಎಡಿಗಿಂತ ಒಳ್ಳೆ ಕೋಎಂಜೈಮ್ ಇಲ್ಲ. ಯಾಕಂದ್ರೆ ಅದು ಎಲೆಕ್ಟ್ರಾನ್ ಹೊತ್ಕೊಂಡು ಎನ್‌ಎಡಿಎಚ್ ಆದಾಗ 340 ನ್ಯಾನೋಮೀಟರ್ ಬೆಳಕನ್ನ ಹೀರುತ್ತೆ, ಇಳಿಸಿದ ಮೇಲೆ ಹೀರಲ್ಲ. ಬೆಳಕು ಎಷ್ಟು ಹೀರಿಕೆ ಆಯ್ತು ಅಂತ ಅಳೆಯೋ ಸ್ಪೆಕ್ಟ್ರೋಫೋಟೋಮೀಟರ್ ಒಂದಿದ್ರೆ ಸಾಕು, ಎಷ್ಟು ಅಣು ಭರ್ತಿ ಇದೆ ಎಷ್ಟು ಖಾಲಿ ಇದೆ ಅಂತ ಕೂತಲ್ಲೇ ಗೊತ್ತಾಗುತ್ತೆ. 340ಕ್ಕೆ ಪ್ಲಾಸ್ಟಿಕ್ ಕ್ಯುವೆಟ್ (ದ್ರಾವಣ ಹಾಕಿ ಯಂತ್ರದೊಳಗೆ ಇಡೋ ಪುಟ್ಟ ಪಾತ್ರೆ) ನಡೆಯುತ್ತೆ, ಕ್ವಾರ್ಟ್ಜ್ ಬೇಕಾಗಿಲ್ಲ.

ಪಿಎಚ್ 8.8ರ ಪೈರೋಫಾಸ್ಫೇಟ್ ಬಫರ್, ಅದರಲ್ಲಿ ಅರ್ಧ ಮೋಲಾರ್ ಎಥನಾಲ್, 0.1 ಮಿಲಿಮೋಲಾರ್ ಎನ್‌ಎಡಿ, ಇಷ್ಟು ಹಾಕಿ ಝೀರೋ ಮಾಡ್ಕೊಂಡೆ. ಎನ್‌ಎಡಿ ಕ್ಷಾರದಲ್ಲಿ ತುಂಬಾ ಹೊತ್ತು ಉಳಿಯಲ್ಲ, ಅದಕ್ಕೇ ಆಗಾಗ್ಗೆ ಹೊಸದಾಗಿ ಕರಗಿಸಿ ಐಸ್ ಮೇಲೆ ಇಟ್ಕೊಂಡು ಕೊನೆಗೆ ಸೇರಿಸೋದು. ಆಮೇಲೆ ಯೀಸ್ಟ್‌ನ ಆಲ್ಕೋಹಾಲ್ ಡಿಹೈಡ್ರೋಜಿನೇಸ್ ಹಾಕಿದೆ, ಎಥನಾಲ್‌ನ ಎಲೆಕ್ಟ್ರಾನ್ ಎನ್‌ಎಡಿಗೆ ದಾಟಿಸೋ ಎಂಜೈಮ್ ಇದು. ಬೆಳಕಿನ ಹೀರಿಕೆ ತೋರಿಸೋ ಗೆರೆ ಏರ್ತಾ ಏರ್ತಾ 0.6ರ ಹತ್ರ ಬಂದು ನಿಂತ್ಬಿಡ್ತು. 0.1 ಮಿಲಿಮೋಲಾರ್ ಎನ್‌ಎಡಿಎಚ್‌ಗೆ ಲೆಕ್ಕದ ಪ್ರಕಾರ 0.62 ಬರ್ಬೇಕು, ಅಂದ್ರೆ ಇದ್ದಬದ್ದ ಎನ್‌ಎಡಿ ಹೆಚ್ಚುಕಮ್ಮಿ ಪೂರ್ತಿ ಭರ್ತಿ. ಎಥನಾಲ್ ಬೇಕಾದಷ್ಟಿದೆ, ಎಂಜೈಮ್ ಚೆನ್ನಾಗೇ ಇದೆ, ಆದ್ರೂ ಕೆಲಸ ಬಂದ್!

ಇಲ್ಲಿಂದಲೇ ನಿಜವಾದ ಮಜಾ. ಮೊದಲು ಬರೀ ಪೈರುವೇಟ್ ಹಾಕಿ ನೋಡಿದೆ, 1 ಮಿಲಿಮೋಲಾರ್, ಅಂದ್ರೆ ಎನ್‌ಎಡಿಯ ಹತ್ತು ಪಟ್ಟು. ಏನೂ ಆಗ್ಲಿಲ್ಲ, ಆಗ್ಬಾರ್ದು ಕೂಡ, ಎಲೆಕ್ಟ್ರಾನ್‌ನ ಪೈರುವೇಟ್‌ಗೆ ದಾಟಿಸೋ ಎಂಜೈಮ್ ಇನ್ನೂ ಇಲ್ವಲ್ಲ. ಆಮೇಲೆ ಆ ಎಂಜೈಮ್, ಲ್ಯಾಕ್ಟೇಟ್ ಡಿಹೈಡ್ರೋಜಿನೇಸ್, ಧಾರಾಳವಾಗಿ ಬಿಟ್ಟೆ ನೋಡಿ, ಗೆರೆ ದಬಕ್ ಅಂತ ಕೆಳಗೆ ಬಂತು. ಬಂದು ಅಲ್ಲೇ ಸುಮಾರು ಹೊತ್ತು ಮಲಗಿತ್ತು. ನೋಡೋರಿಗೆ ರಿಯಾಕ್ಷನ್ ಸತ್ತೋಯ್ತು ಅನ್ಸುತ್ತೆ, ಆದ್ರೆ ಅತಿ ಹೆಚ್ಚು ಕೆಲಸ ನಡೀತಿರೋದೇ ಆ ಹೊತ್ತಲ್ಲಿ. ಒಂದು ಎಂಜೈಮ್ ಎಥನಾಲ್‌ನಿಂದ ಎಲೆಕ್ಟ್ರಾನ್ ಕಿತ್ತು ಎನ್‌ಎಡಿ ಮೇಲೆ ಹೇರ್ತಾ ಇದೆ, ಇನ್ನೊಂದು ಅದನ್ನ ಇಳಿಸಿ ಪೈರುವೇಟ್‌ಗೆ ಕೊಟ್ಟು ಲ್ಯಾಕ್ಟೇಟ್ ಮಾಡ್ತಾ ಇದೆ. ಪೈರುವೇಟ್ ಮುಗೀತಾ ಬಂದಂಗೆ ಗೆರೆ ತಾನಾಗೇ ಮತ್ತೆ ಏರೋಕೆ ಶುರುವಾಯ್ತು! ಹುಡುಗರು ಮಾನಿಟರ್ ಮುಂದೆ ಗುಂಪು ಕಟ್ಕೊಂಡು ನಿಂತಿದ್ರು. ಮೊದಲಿನಷ್ಟು ಮೇಲೆ ಹೋಗ್ಲಿಲ್ಲ, ಯಾಕಂದ್ರೆ ಅಷ್ಟರಲ್ಲಿ ಎಥನಾಲ್‌ನಿಂದ ಆದ ಅಸಿಟಾಲ್ಡಿಹೈಡ್ ಸೇರ್ಕೊಂಡಿರುತ್ತೆ, ಅದು ರಿಯಾಕ್ಷನ್‌ನ ಹಿಂದಕ್ಕೆ ಎಳೆಯುತ್ತೆ. ಆದ್ರೂ ಲೆಕ್ಕ ಸ್ಪಷ್ಟ: ಒಂದೊಂದು ಎನ್‌ಎಡಿ ಅಣುವೂ ಸರಾಸರಿ ಹತ್ತು ಸಲ ಹೋಗಿ ಬಂದಿದೆ.

ಜೀವಕೋಶದಲ್ಲೂ ಇದೇ ಕಥೆ. ಗ್ಲೂಕೋಸ್ ಒಡೆಯೋ ಗ್ಲೈಕಾಲಿಸಿಸ್‌ನಲ್ಲಿ ಎನ್‌ಎಡಿ ಭರ್ತಿಯಾಗುತ್ತೆ, ಖಾಲಿ ಮಾಡೋರಿಲ್ಲ ಅಂದ್ರೆ ಎಷ್ಟು ಗ್ಲೂಕೋಸ್ ಇದ್ರೂ ಅಲ್ಲೇ ನಿಂತೋಗುತ್ತೆ. ಆಮ್ಲಜನಕ ಇದ್ರೆ ಮೈಟೋಕಾಂಡ್ರಿಯಾ ಖಾಲಿ ಮಾಡುತ್ತೆ. ಜೋರಾಗಿ ಓಡೋವಾಗ ಸ್ನಾಯುವಿನಲ್ಲಿ ಲ್ಯಾಕ್ಟೇಟ್ ಆಗೋದೂ, ಯೀಸ್ಟ್ ಆಲ್ಕೋಹಾಲ್ ಮಾಡೋದೂ ಇದಕ್ಕೇನೇ. 1906ರಲ್ಲಿ ಹಾರ್ಡನ್ ಮತ್ತು ಯಂಗ್ ಯೀಸ್ಟ್ ರಸ ಸೋಸಿ ಸಣ್ಣ ಅಣುಗಳನ್ನ ಬೇರೆ ಮಾಡಿದಾಗ ಹುದುಗು ನಿಂತಿತ್ತು, ಕುದಿಸಿದ ರಸ ಸೇರಿಸಿದ್ರೆ ಮತ್ತೆ ಶುರುವಾಗ್ತಿತ್ತು. ಆ ರಸದಲ್ಲಿ ಇದ್ದದ್ದರಲ್ಲಿ ಇದೇ ಎನ್‌ಎಡಿಯೂ ಒಂದು. ಎನ್‌ಎಡಿ ಮಾಡೋಕೆ ಬೇಕಾದ ವಿಟಮಿನ್ ನಯಾಸಿನ್, ಅದು ದೊಡ್ಡವರಿಗೆ ದಿನಕ್ಕೆ 14ರಿಂದ 16 ಮಿಲಿಗ್ರಾಂ ಮಾತ್ರ ಸಾಕಾಗೋದು ಹೇಗೆ ಅಂತ ಹುಡುಗರು ಕೇಳಿದ್ರೆ ನಾನೀಗ ಆ ಮಲಗಿದ ಗೆರೆ ತೋರಿಸ್ತೀನಿ.

ಎಫ್‌ಎಡಿ ಅನ್ನೋ ಇನ್ನೊಂದು ಕೋಎಂಜೈಮ್‌ಗೆ ಈ ಪ್ರಯೋಗ ಹೀಗೇ ಮಾಡೋಕಾಗಲ್ಲ. ಅದು ಎನ್‌ಎಡಿ ಥರ ಒಂದು ಎಂಜೈಮಿಂದ ಇನ್ನೊಂದಕ್ಕೆ ಓಡಾಡಲ್ಲ, ಸಕ್ಸಿನೇಟ್ ಡಿಹೈಡ್ರೋಜಿನೇಸ್ ಅನ್ನೋ ಎಂಜೈಮ್‌ನಲ್ಲಂತೂ ಪ್ರೋಟೀನ್‌ಗೇ ಅಂಟ್ಕೊಂಡಿರುತ್ತೆ. ಅಲ್ಲಿ ಡಿಸಿಪಿಐಪಿ ಅನ್ನೋ ನೀಲಿ ಡೈ ಹಾಕಿ, ಅದು ಎಲೆಕ್ಟ್ರಾನ್ ತಗೊಂಡಾಗ 600 ನ್ಯಾನೋಮೀಟರ್‌ನಲ್ಲಿ ಬಣ್ಣ ಹೋಗೋದನ್ನ ನೋಡ್ಬೇಕು.