ಹನ್ನೊಂದು ಡಬ್ಬಿ ಹೋಗಿ ಮೂರು ಉಳಿದವು: ಮಗಳ ಮೊಡವೆ, ನನ್ನ ಅನುಭವ

ಎರಡು ವರ್ಷದ ಹಿಂದಿನ ಮಾತು. ಬೆಳಿಗ್ಗೆ ಮಗಳನ್ನು ಎಬ್ಬಿಸಲು ಹೋದರೆ ಅವಳ ಹಣೆ ತುಂಬ ಬಿಳಿ ಚುಕ್ಕೆ. ಗಾಬರಿಯಾಗಿ ಬಗ್ಗಿ ನೋಡಿದೆ, ಪುದೀನ ವಾಸನೆ ಬಂತು. ಮೊಡವೆಗೆ ಟೂತ್‌ಪೇಸ್ಟ್ ಹಚ್ಚಿಕೊಂಡು ಮಲಗಿದ್ದಳು. ಒರೆಸಿದರೆ ಕೆಳಗೆ ಚರ್ಮ ಸುಟ್ಟ ಹಾಗೆ ಕೆಂಪಾಗಿತ್ತು. ಆಗ ಅವಳಿಗೆ ಹನ್ನೆರಡು ವರ್ಷ.

ಸಂಜೆ ಬಾತ್‌ರೂಮಿನ ಶೆಲ್ಫ್ ಕೆಳಗಿಳಿಸಿ ಎಣಿಸಿದೆ. ಹನ್ನೊಂದು ಡಬ್ಬಿ. ಇದ್ದಿಲಿನ ಮಾಸ್ಕ್, ಅಕ್ರೋಟ್ ಸ್ಕ್ರಬ್, ವಿಟಮಿನ್ ಸಿ ಸೀರಮ್, ಸಾಲದ್ದಕ್ಕೆ ಒಂದು ರೆಟಿನಾಲ್ ಕ್ರೀಮ್. ಅಂದ್ರೆ ಸುಕ್ಕು ಹೋಗಲಾಡಿಸುವ ಕ್ರೀಮ್, ಆರನೇ ಕ್ಲಾಸಿನ ಹುಡುಗಿಗೆ! ಎಲ್ಲಾ ರೀಲ್ಸ್ ನೋಡಿ ನನ್ನ ಫೋನಿನಿಂದಲೇ ತರಿಸಿದ್ದು. ದುಡ್ಡು ಕೊಟ್ಟವಳು ನಾನೇ, ಇನ್ನು ಅವಳನ್ನು ಬೈದು ಏನು ಮಾಡೋದು?

ಆದರೆ ನಿಜವಾದ ಎಡವಟ್ಟು ಮಾಡಿದ್ದು ಅವಳಲ್ಲ, ನಾನು. ಟೂತ್‌ಪೇಸ್ಟಿನ ಕಲೆ ಹೋಗಲಿ ಅಂತ ಮೆಡಿಕಲ್ ಸ್ಟೋರಿನಲ್ಲಿ ಏನಾದರೂ ಕೊಡಿ ಅಂದೆ. ಚಿಕ್ಕ ಟ್ಯೂಬ್ ಕೊಟ್ಟರು. ಒಂದೇ ವಾರಕ್ಕೆ ಮುಖ ನುಣ್ಣಗಾಯಿತು, ಬೆಳ್ಳಗೂ ಆಯಿತು. ಮದುವೆ ಮನೆಯಲ್ಲಿ ಎಲ್ಲರೂ ‘ಏನು ಹಚ್ತೀಯೇ?’ ಅಂತ ಅವಳನ್ನು ಕೇಳಿದ್ದೇ ಕೇಳಿದ್ದು. ನಾನೂ ಬೀಗಿದೆ. ತಿಂಗಳಾದ ಮೇಲೆ ಟ್ಯೂಬ್ ಮುಗಿಯಿತು. ನಾಲ್ಕೇ ದಿನ. ಕೆನ್ನೆ ಕೆಂಪಗೆ ಕಾದು, ರಾಗಿ ಕಾಳಿನಷ್ಟು ಗುಳ್ಳೆಗಳು ಒತ್ತೊತ್ತಾಗಿ ಎದ್ದವು. ಬಿಸಿಲಿಗೆ ಹೋದರೆ ಉರಿ ಅಂತ ಅಳುತ್ತಿದ್ದಳು.

ಚರ್ಮದ ಡಾಕ್ಟರ್ ಟ್ಯೂಬ್ ತಿರುಗಿಸಿ, ಸಣ್ಣ ಅಕ್ಷರದ ಮೇಲೆ ಉಗುರು ಇಟ್ಟು ತೋರಿಸಿದರು. ಮೊಮೆಟಾಸೋನ್, ಹೈಡ್ರೋಕ್ವಿನೋನ್, ಟ್ರೆಟಿನಾಯಿನ್. ಮೊದಲನೆಯದು ಸ್ಟೀರಾಯ್ಡ್, ಅಂದ್ರೆ ಕೆಂಪು, ಊತ ಅಡಗಿಸೋ ಔಷಧಿ. ಹಚ್ಚುವಷ್ಟು ದಿನ ಮುಖ ಚೆನ್ನಾಗಿ ಕಾಣುತ್ತೆ, ನಿಲ್ಲಿಸಿದರೆ ಹೀಗೆ ತಿರುಗಿ ಕೆರಳುತ್ತೆ. ‘ಇದನ್ನು ಚೀಟಿ ಇಲ್ಲದೆ ಕೊಡೋ ಹಾಗೇ ಇಲ್ಲಮ್ಮ’ ಅಂದರು. ಇಂಥ ಸ್ಟೀರಾಯ್ಡ್ ಕ್ರೀಮುಗಳಿಗೆ ಡಾಕ್ಟರ ಚೀಟಿ ಬೇಕೇ ಬೇಕು ಅಂತ 2018ರಲ್ಲೇ ಕೇಂದ್ರ ಸರ್ಕಾರ ನಿಯಮ ಮಾಡಿದೆಯಂತೆ. ಈಗ ಯಾರು ಏನು ಕೊಟ್ಟರೂ ಟ್ಯೂಬಿನ ಹಿಂದೆ ಬೀಟಾಮೆಥಾಸೋನ್, ಮೊಮೆಟಾಸೋನ್, ಕ್ಲೋಬೆಟಾಸೋಲ್ ಇದೆಯಾ ಅಂತ ಮೊದಲು ಓದುತ್ತೇನೆ. ಇದ್ದರೆ ವಾಪಸ್.

ಆರು ವಾರ ಎಲ್ಲಾ ಬಂದ್. ಬರೀ ಮೃದುವಾದ ಫೇಸ್‌ವಾಶ್, ವಾಸನೆ ಇಲ್ಲದ ಮಾಯಿಶ್ಚರೈಸರ್, ಮತ್ತೆ ಡಾಕ್ಟರ್ ಕೊಟ್ಟ ಒಂದು ಔಷಧಿ. ಮೊದಲ ಹದಿನೈದು ದಿನ ಮುಖ ಇನ್ನೂ ಕೆಟ್ಟಿತು. ಕ್ಲಾಸ್ ಫೋಟೋ ದಿನ ‘ಹೊಟ್ಟೆನೋವು’ ಅಂತ ಮನೆಯಲ್ಲೇ ಉಳಿದಳು. ನಾನೂ ಸುಮ್ಮನಿದ್ದೆ.

ಚರ್ಮ ಸುಧಾರಿಸಿದ ಮೇಲೆ ಮೊಡವೆಯ ಸರದಿ. ನಾನು ಅಲ್ಲಿಯವರೆಗೆ ಇದನ್ನು ಕೊಳೆ ಅಂತಲೇ ತಿಳಿದಿದ್ದೆ. ಮೂಗಿನ ಮೇಲಿನ ಕಪ್ಪು ಚುಕ್ಕೆ ಕೊಳೆ ಅಲ್ಲವಂತೆ. ಈ ವಯಸ್ಸಿನಲ್ಲಿ ಹಾರ್ಮೋನಿನಿಂದ ಚರ್ಮ ಜಾಸ್ತಿ ಜಿಡ್ಡು ಬಿಡುತ್ತೆ, ಅದು ಸತ್ತ ಚರ್ಮದ ಜೊತೆ ಸೇರಿ ರಂಧ್ರ ಕಟ್ಟುತ್ತೆ, ಗಾಳಿ ತಾಗಿ ಮೇಲ್ಭಾಗ ಕಪ್ಪಾಗುತ್ತೆ. ಉಜ್ಜಿದರೆ ಹೋಗಲ್ಲ. ಅಷ್ಟು ದಿನ ಅವಳು ದಿನಕ್ಕೆ ಐದು ಸಲ ಮುಖ ತೊಳೆದು ಉಜ್ಜಿದ್ದೆಲ್ಲ ದಂಡ. ನಮ್ಮ ಬೋರ್‌ವೆಲ್ ನೀರು ಬೇರೆ ಗಡಸು. ಮೈಸೋಪು ಹಾಕಿ ತೊಳೆದರೆ ಮುಖ ಹಪ್ಪಳದ ಹಾಗೆ ಬಿಗಿಯುತ್ತಿತ್ತು. ಈಗ ಎರಡೇ ಸಲ, ಬೆಳಿಗ್ಗೆ ಮತ್ತು ರಾತ್ರಿ. ಆಟ ಆಡಿ ಬೆವರಿ ಬಂದ ದಿನ ಇನ್ನೊಂದು ಸಲ.

ರಾತ್ರಿಗೆ ಡಾಕ್ಟರ್ 2.5 ಪರ್ಸೆಂಟಿನ ಬೆನ್ಜಾಯಿಲ್ ಪೆರಾಕ್ಸೈಡ್ ಜೆಲ್ ಬರೆದುಕೊಟ್ಟರು. ಇಡೀ ಮುಖಕ್ಕೆ ಒಂದು ಕಡಲೆಕಾಳಿನಷ್ಟು, ಮೊದಲು ದಿನ ಬಿಟ್ಟು ದಿನ. ಅದು ಬಟ್ಟೆಯ ಬಣ್ಣ ತಿನ್ನುತ್ತೆ ಅನ್ನೋದು ಗೊತ್ತಾದಾಗ ನನ್ನ ನೀಲಿ ದಿಂಬಿನ ಕವರಿನ ಮೇಲೆ ಕೆನ್ನೆಯ ಅಗಲಕ್ಕೆ ಕಿತ್ತಳೆ ಬಣ್ಣದ ಮಚ್ಚೆ ಬಿದ್ದಾಗಿತ್ತು. ಟವಲ್ಲಿಗೂ ಅದೇ ಗತಿ. ಆಮೇಲೆ ಬಿಳಿ ಕವರ್, ಬಿಳಿ ಟವಲ್. ಮೂರನೇ ವಾರ ‘ಏನೂ ಆಗ್ತಿಲ್ಲ ಅಮ್ಮ’ ಅಂತ ರಾಗ ತೆಗೆದಳು. ಎಂಟು ವಾರ ಕಾಯಿರಿ ಅಂತ ಮೊದಲೇ ಹೇಳಿದ್ದರಿಂದ ಬಚಾವ್. ಏಳನೇ ವಾರಕ್ಕೆ ಕೆನ್ನೆ ತಿಳಿಯಾಯಿತು.

ಹಣೆ ಮಾತ್ರ ಹಾಗೇ. ಒಂದು ದಿನ ಜಡೆ ಹಾಕುವಾಗ ಕಣ್ಣಿಗೆ ಬಿತ್ತು: ಮೊಡವೆಗಳೆಲ್ಲ ಕೂದಲಿನ ಅಂಚಿಗೇ ಸಾಲಾಗಿ, ಗೆರೆ ಎಳೆದ ಹಾಗೆ. ಸ್ಕೂಲಿಗೆ ಎರಡು ಜಡೆ ಕಡ್ಡಾಯ. ಅದಕ್ಕೆ ಅತ್ತೆ ದಿನಾ ಬೆಳಿಗ್ಗೆ ಅಂಗೈ ತುಂಬ ಕೊಬ್ಬರಿ ಎಣ್ಣೆ ಹಾಕಿ ತಿಕ್ಕುತ್ತಿದ್ದರು. ಬಿಸಿಲಿಗೆ ಅದು ಕರಗಿ ಹಣೆಗೆ ಇಳಿಯುತ್ತಿತ್ತು. ಅತ್ತೆಗೆ ಹೇಳೋದು ಡಾಕ್ಟರಿಗೆ ಹೇಳಿದಷ್ಟು ಸುಲಭ ಅಲ್ಲ. ‘ಎಣ್ಣೆ ಕಾಣದ ತಲೆ ಕಾಗೆ ಗೂಡಾಗುತ್ತೆ ಕಣಮ್ಮ’ ಅಂದರು. ಕೊನೆಗೆ ರಾಜಿ: ಶನಿವಾರ ರಾತ್ರಿ ಎಣ್ಣೆ, ಭಾನುವಾರ ಬೆಳಿಗ್ಗೆ ತಲೆಗೆ ನೀರು. ಮಲಗುವಾಗ ತಲೆಗೆ ಹಳೇ ಕಾಟನ್ ದುಪಟ್ಟಾ. ಕಡಲೆಹಿಟ್ಟು, ಅರಿಶಿನ ಈಗ ಕೈಕಾಲಿಗೆ ಮಾತ್ರ. ತಿಂಗಳೊಳಗೆ ಹಣೆಯ ಗೆರೆ ಮಾಯ.

ಸನ್‌ಸ್ಕ್ರೀನ್ ವಿಷಯದಲ್ಲಿ ಪೂರ್ತಿ ಗೆದ್ದಿಲ್ಲ. ಎಸ್‌ಪಿಎಫ್ 30ರದ್ದು, ಎರಡು ಬೆರಳುದ್ದ ಹಿಂಡಿ ಹಚ್ಚಬೇಕು. ಮೊದಲು ತಂದದ್ದು ಮುಖಕ್ಕೆ ವಿಭೂತಿ ಬಳಿದ ಹಾಗೆ ಕಾಣುತ್ತೆ ಅಂತ ಮುಟ್ಟಲೇ ಇಲ್ಲ. ಜೆಲ್ ತರಹದ್ದು ತಂದ ಮೇಲೆ ಹಚ್ಚುತ್ತಾಳೆ, ಆದರೆ ಪಿಟಿ ಪೀರಿಯಡ್ ಇರುವ ದಿನ ಮಾತ್ರ.

ಈಗ ಶೆಲ್ಫಿನಲ್ಲಿರುವುದು ಫೇಸ್‌ವಾಶ್, ಮಾಯಿಶ್ಚರೈಸರ್, ಸನ್‌ಸ್ಕ್ರೀನ್. ಮೊಡವೆ ಎದ್ದಾಗ ಆ ಜೆಲ್. ಮುಟ್ಟಿದರೆ ನೋಯುವ, ಒಳಗೇ ಗಂಟಾಗುವ ಮೊಡವೆ ಬಂದರೆ ಮನೆಮದ್ದು ಇಲ್ಲ, ನೇರ ಡಾಕ್ಟರ್ ಹತ್ತಿರ. ಅದು ಕಲೆಯಷ್ಟೇ ಅಲ್ಲ, ಗುಳಿಯನ್ನೂ ಬಿಡುತ್ತೆ. ಚಿವುಟುವುದು ಇನ್ನೂ ಪೂರ್ತಿ ನಿಂತಿಲ್ಲ. ಪರೀಕ್ಷೆ ಬಂದರೆ ಕೈ ತಾನಾಗೇ ಗಲ್ಲಕ್ಕೆ ಹೋಗುತ್ತೆ. ‘ಕೈ!’ ಅಂತೀನಿ, ಇಳಿಸುತ್ತಾಳೆ.

ಹೋದ ವಾರ ಫೇಸ್‌ವಾಶ್ ಹದಿನೈದೇ ದಿನಕ್ಕೆ ಖಾಲಿಯಾಗಿತ್ತು. ಹನ್ನೊಂದು ವರ್ಷದ ಮಗ ಬಾತ್‌ರೂಮಿನಿಂದ ಮುಖದ ತುಂಬ ನೊರೆ ಮಾಡಿಕೊಂಡು ಹೊರಗೆ ಬಂದ. ಅವನ ಮೂಗಿನ ತುದಿಯಲ್ಲಿ ಒಂದೇ ಒಂದು ಸಣ್ಣ ಗುಳ್ಳೆ. ಅಕ್ಕ ಅವನನ್ನು ಕೂರಿಸಿಕೊಂಡು, ‘ಲೋ, ಕಡಲೆಕಾಳಿನಷ್ಟು ಸಾಕು ಕಣೋ’ ಅಂತ ಪಾಠ ಶುರು ಮಾಡಿದಳು.